ವರದಿಯಲ್ಲಿ ಕಾಣಿಸದ ಮಗು

ಪ್ರಶ್ನೆ: ನಾವು ಐವರು ಸ್ವಯಂಸೇವಕರು ಸೇರಿ ಸಾರ್ವಜನಿಕ ಗ್ರಂಥಾಲಯವೊಂದರ ಕೋಣೆಯಲ್ಲಿ 9ರಿಂದ 14 ವರ್ಷದ ಮಕ್ಕಳಿಗಾಗಿ ವಾರಕ್ಕೊಮ್ಮೆ ವಿಜ್ಞಾನ ಕೂಟ ನಡೆಸುತ್ತೇವೆ. ಶಾಲೆಯ ಪಠ್ಯಕ್ಕೂ ನಮಗೂ ಸಂಬಂಧವಿಲ್ಲ. ಪ್ರಯೋಗಗಳು, ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವುದು, ಗಣಿತದ ಒಗಟುಗಳು, ಆಕಾಶ ವೀಕ್ಷಣೆ, ಹೀಗೆ ನಡೆಯುತ್ತದೆ. ವರ್ಷ ಮುಗಿಯುತ್ತ ಬಂದಿದೆ. 41 ಕಾರ್ಯಕ್ರಮ, ಒಟ್ಟು 902 ಹಾಜರಿ ಎಂದು ವರದಿ ಬರೆದು, ಫೋಟೊಗಳನ್ನೂ ಜೋಡಿಸಿದ್ದೇವೆ. ಆದರೂ ಇಷ್ಟೆಲ್ಲ ಮಾಡಿ ಮಕ್ಕಳಿಗೆ ದಕ್ಕಿದ್ದೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ವರ್ಷವನ್ನು ಹಿಂತಿರುಗಿ ನೋಡುವ ಸರಿಯಾದ ಬಗೆ ಯಾವುದು? ಮುಂದಿನ ವರ್ಷ ನಮ್ಮಂಥ ಸಣ್ಣ ಗುಂಪಿಗೆ ಯಾವ ಅವಕಾಶಗಳಿವೆ?

ಉತ್ತರ: ನಿಮ್ಮ ವರದಿಯ 902ರಿಂದಲೇ ಆರಂಭಿಸೋಣ. 22 ಮಕ್ಕಳು ಒಂದು ವಾರವೂ ತಪ್ಪಿಸದೆ 41 ಬಾರಿ ಬಂದಿದ್ದರೆ ಒಟ್ಟು ಹಾಜರಿ 902 ಆಗುತ್ತದೆ. 451 ಮಕ್ಕಳು ಎರಡೆರಡು ಸಲ ಬಂದು, ಆಮೇಲೆ ಇತ್ತ ತಲೆಹಾಕದೆ ಹೋಗಿದ್ದರೂ ಅದು 902 ಆಗುತ್ತದೆ. ಮೊದಲನೆಯ ಲೆಕ್ಕದಲ್ಲಿ ನೀವು ಒಂದು ಪುಟ್ಟ ಗುಂಪನ್ನು ವರ್ಷವಿಡೀ ಬೆಳೆಸಿದ್ದೀರಿ, ಹೊಸಬರಿಗೆ ಬಾಗಿಲು ಕಾಣಿಸಲಿಲ್ಲ. ಎರಡನೆಯದರಲ್ಲಿ ಬಾಗಿಲು ಅಗಲವಾಗಿ ತೆರೆದಿತ್ತು, ಒಳಗೆ ಬಂದವರು ನಿಲ್ಲುವುದಕ್ಕೆ ಕಾರಣವಿರಲಿಲ್ಲ. ಎರಡೂ ಪೂರ್ತಿ ಬೇರೆ ವರ್ಷಗಳು, ಆದರೆ ವರದಿಯಲ್ಲಿ ಒಂದೇ ಅಂಕಿ. ನಿಮ್ಮನ್ನು ಕಾಡುತ್ತಿರುವ ಕೊರತೆ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ನೀವು ಕಾರ್ಯಕ್ರಮಗಳ ಲೆಕ್ಕ ಇಟ್ಟಿದ್ದೀರಿ, ಮಕ್ಕಳ ಲೆಕ್ಕ ಇಟ್ಟಿಲ್ಲ.

ಆದ್ದರಿಂದ ಮೊದಲ ಕೆಲಸ ಒಂದು ಸಂಜೆಯದು. ಐವರೂ ಕುಳಿತು, ದಿನಾಂಕದ ಪ್ರಕಾರ ಬರೆದಿರುವ ಹಾಜರಿ ಪುಸ್ತಕವನ್ನು ಮಗುವಿನ ಹೆಸರಿನ ಪ್ರಕಾರ ತಿರುಗಿಸಿ ಬರೆಯಿರಿ. ಒಂದು ಮಗುವಿಗೆ ಒಂದು ಸಾಲು, ಅದರ ಮುಂದೆ 41 ಮನೆಗಳು, ಬಂದ ವಾರಕ್ಕೊಂದು ಚುಕ್ಕೆ. ಒಮ್ಮೆ ಮಾತ್ರ ಬಂದವರು, ಕೆಲವು ವಾರ ಬಂದು ನಿಲ್ಲಿಸಿದವರು, ಬಿಡದೆ ಬಂದವರು ಯಾರೆಂದು ಹಾಳೆಯ ಮೇಲೆ ತಾನಾಗಿ ಎದ್ದು ಕಾಣುತ್ತದೆ. ಇವರ ಜೊತೆಗೆ ಇನ್ನೊಂದು ಬಗೆಯವರು ಸಿಗುತ್ತಾರೆ. ಬಂದು, ತಿಂಗಳುಗಟ್ಟಲೆ ಕಾಣೆಯಾಗಿ, ಮತ್ತೆ ಮರಳಿದವರು. ನನ್ನ ಅನುಭವದಲ್ಲಿ ಅತಿ ಹೆಚ್ಚು ಕಲಿಸುವವರು ಇವರೇ. ಅವರನ್ನು ಮರಳಿ ಕರೆತಂದದ್ದು ಏನೆಂದು ಕೇಳಿದರೆ ಉತ್ತರ ಬಹಳ ಸಲ ನಮ್ಮ ಕಾರ್ಯಕ್ರಮವೇ ಆಗಿರುವುದಿಲ್ಲ. ಮನೆಯಲ್ಲಿ ಕೆಟ್ಟುಹೋದ ಒಂದು ಫ್ಯಾನು, ಅಜ್ಜನಿಗೆ ಹಾಕಿದ ಶ್ರವಣಯಂತ್ರ, ಬೇರೆಲ್ಲೋ ನೋಡಿದ ಗ್ರಹಣ, ಹೀಗೆ ಏನೋ ಒಂದು ಹೊರಗೆ ನಡೆದಿರುತ್ತದೆ. ಇದನ್ನು ಕೇಳುವುದಕ್ಕೆ ಯಾರಿದ್ದಾರೆ ಎಂದು ಮಗು ಯೋಚಿಸಿದಾಗ ನಿಮ್ಮ ಕೋಣೆ ನೆನಪಾಗಿರುತ್ತದೆ. ಆ ನೆನಪು ವರ್ಷದ ದೊಡ್ಡ ಗಳಿಕೆ. ಆದರೆ 902ರೊಳಗೆ ಅದು ಎಲ್ಲಿಯೂ ಕಾಣುವುದಿಲ್ಲ.

ವರ್ಷದ ಕೊನೆಗೆ ನನಗೆ ತಪ್ಪದೆ ನೆನಪಾಗುವ ಒಂದು ಪ್ರಸಂಗವಿದೆ. 1812ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೊಟ್ಟ ರಸಾಯನಶಾಸ್ತ್ರದ ಉಪನ್ಯಾಸಗಳನ್ನು ಕೇಳಲು ಬಂದವರ ನಡುವೆ ಇಪ್ಪತ್ತು ವರ್ಷದ ತರುಣನೊಬ್ಬನಿದ್ದ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದವನು, ಹೇಳಿಕೊಳ್ಳುವಂಥ ಶಾಲಾ ಓದು ಇಲ್ಲದವನು. ಅವನು ಕೇಳಿದ್ದು ನಾಲ್ಕು ಉಪನ್ಯಾಸ ಮಾತ್ರ. ಅಂದು ಯಾರಾದರೂ ತಲೆ ಎಣಿಸಿದ್ದರೆ, ಮುಂದೆ ಹೆಸರಾಂತ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಕೂಡ ಬರಿಯ ಒಂದು ತಲೆ. ಅವನು ಆ ನಾಲ್ಕು ದಿನ ಅಲ್ಲಿ ಕುಳಿತಿದ್ದನೆಂಬುದಕ್ಕಿಂತ, ಅದಕ್ಕೆ ಮುಂಚೆ ಮತ್ತು ಆಮೇಲೆ ಏನು ನಡೆಯಿತು ಎಂಬುದು ಮುಖ್ಯ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿಕೊಳ್ಳಲು ಅಂಗಡಿಯ ಯಜಮಾನ ಬಿಟ್ಟಿದ್ದರು. 1810ರಿಂದ ಊರಿನ ವಿಜ್ಞಾನಾಸಕ್ತರ ಸಂಘವೊಂದರ ಸಂಜೆಯ ಉಪನ್ಯಾಸಗಳಿಗೆ ಹೋಗಲು ಕಮ್ಮಾರನಾಗಿದ್ದ ಅಣ್ಣ ಶುಲ್ಕ ಕೊಟ್ಟಿದ್ದ. ಡೇವಿಯ ಉಪನ್ಯಾಸಗಳ ಟಿಕೆಟ್ ಕೊಟ್ಟದ್ದು ಅಂಗಡಿಗೆ ಬರುತ್ತಿದ್ದ ಗಿರಾಕಿ. ಫ್ಯಾರಡೆ ತಾನು ಬರೆದುಕೊಂಡ ಟಿಪ್ಪಣಿಗಳನ್ನು ಚಿತ್ರಸಹಿತ ಶುದ್ಧಪ್ರತಿ ಮಾಡಿ, ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. ಡೇವಿ ಅದನ್ನು ಮೂಲೆಗೆಸೆಯಲಿಲ್ಲ, ಆ ವರ್ಷದ ಡಿಸೆಂಬರ್ 24ರಂದು ಉತ್ತರ ಬರೆದರು. 1813ರ ಮಾರ್ಚ್‌ನಲ್ಲಿ ಫ್ಯಾರಡೆ ಅದೇ ಸಂಸ್ಥೆಯ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದ. ಕಿರಿಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು ಅಲ್ಲಿ ಶುರುವಾದದ್ದು 1825ರಲ್ಲಿ. 1827ರಿಂದ 1860ರ ತನಕ ಅವುಗಳಲ್ಲಿ 19 ಸರಣಿಗಳನ್ನು ಕೊಟ್ಟದ್ದು ಇದೇ ಫ್ಯಾರಡೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1939ರಿಂದ 1942ರವರೆಗೆ, ನಿಂತದ್ದನ್ನು ಬಿಟ್ಟರೆ ಆ ಪರಂಪರೆ ಇಂದಿಗೂ ನಡೆದುಬಂದಿದೆ.

ಯಜಮಾನ, ಅಣ್ಣ, ಗಿರಾಕಿ, ಡೇವಿ. ನಾಲ್ಕು ಬಾಗಿಲುಗಳು, ಪ್ರತಿಯೊಂದನ್ನೂ ತೆರೆದವರು ಬೇರೆ. ಯಾವ ಉಪನ್ಯಾಸ ಎಷ್ಟು ಚೆನ್ನಾಗಿತ್ತು ಎಂಬುದಕ್ಕಿಂತ ಒಂದು ಬಾಗಿಲು ದಾಟಿದವನಿಗೆ ಮುಂದಿನ ಬಾಗಿಲು ತೆರೆದಿತ್ತೇ ಎಂಬುದೇ ಇಲ್ಲಿ ನಿರ್ಣಾಯಕವಾಯಿತು. ನಿಮ್ಮ ವರ್ಷವನ್ನು ಅಳೆಯಲು ನಾನು ಕೊಡುವ ಅಳತೆಗೋಲು ಇದೇ. ನಿಮ್ಮ ಕೋಣೆಯಲ್ಲಿ ಕಣ್ಣರಳಿಸಿದ ಮಗು ಮರುದಿನ ಎಲ್ಲಿಗೆ ಹೋಗಬೇಕಿತ್ತು? ಹೋಗಲು ಜಾಗವಿತ್ತೇ?

ಆಸಕ್ತಿ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಸುಝಾನ್ ಹಿಡಿ ಮತ್ತು ಆನ್ ರೆನಿಂಗರ್ 2006ರಲ್ಲಿ ನಾಲ್ಕು ಹಂತಗಳ ಮಾದರಿಯೊಂದನ್ನು ಮುಂದಿಟ್ಟರು. ಮೊದಲು ಒಂದು ಸನ್ನಿವೇಶ ಕಿಡಿ ಹೊತ್ತಿಸುತ್ತದೆ. ಎರಡನೆಯ ಹಂತದಲ್ಲಿ ಹೊರಗಿನ ಆಸರೆಯಿಂದ ಕಿಡಿ ಆರದೆ ಉಳಿಯುತ್ತದೆ. ಮೂರನೆಯದರಲ್ಲಿ ವ್ಯಕ್ತಿ ತಾನಾಗಿಯೇ ಆ ವಿಷಯಕ್ಕೆ ಮರಳತೊಡಗುತ್ತಾನೆ, ತನ್ನದೇ ಪ್ರಶ್ನೆಗಳನ್ನು ಹುಟ್ಟಿಸಿಕೊಳ್ಳುತ್ತಾನೆ. ನಾಲ್ಕನೆಯದರಲ್ಲಿ ಆಸಕ್ತಿ ಅವನ ಸ್ವಂತದ್ದಾಗಿ ನೆಲೆಗೊಳ್ಳುತ್ತದೆ. ಆಸರೆ ತಪ್ಪಿದರೆ ಯಾವ ಹಂತದಿಂದಲೂ ಕೆಳಗಿಳಿಯಬಹುದು, ಪೂರ್ತಿ ಆರಿಯೂ ಹೋಗಬಹುದು. ನಮ್ಮ ಕ್ಷೇತ್ರದ ಹೆಚ್ಚಿನ ಶ್ರಮವೆಲ್ಲ ಮೊದಲ ಹಂತಕ್ಕೇ ಸುರಿದುಹೋಗುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಗೆ, ಸ್ಫೋಟ, ಬಣ್ಣ ಬದಲಿಸುವ ದ್ರವ, ರಾಕೆಟ್. ಕಿಡಿ ಹೊತ್ತಿಸುವುದರಲ್ಲಿ ನಾವು ನಿಷ್ಣಾತರು. ಎರಡನೆಯ ಹಂತಕ್ಕೆ ಬೇಕಾದ ತಾಳ್ಮೆಯ ಕೆಲಸಕ್ಕೆ ವೇದಿಕೆಯಿಲ್ಲ, ಚಪ್ಪಾಳೆಯಿಲ್ಲ, ಫೋಟೊ ಇಲ್ಲ. ಹಾಗಾಗಿ ಅದು ಉಳಿದುಹೋಗುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ವಿಜ್ಞಾನ ಕೇಂದ್ರವೊಂದರಲ್ಲಿ ಮೌಲ್ಯಮಾಪನದ ಹೊಣೆ ಹೊತ್ತಿದ್ದಾಗ ಮಕ್ಕಳಿಗೆ ನಗುವ ಮುಖ, ಸಪ್ಪೆ ಮುಖ, ಅಳುವ ಮುಖಗಳ ಚೀಟಿ ಕೊಟ್ಟು ಗುರುತು ಹಾಕಿಸುತ್ತಿದ್ದೆ. ಬಹುತೇಕ ಎಲ್ಲರೂ ನಗುವ ಮುಖಕ್ಕೇ ಗುರುತು ಹಾಕುತ್ತಿದ್ದರು, ನಾನು ಅದನ್ನು ಶೇಕಡಾವಾರು ಲೆಕ್ಕಕ್ಕೆ ಇಳಿಸಿ ವರದಿ ಕೊಡುತ್ತಿದ್ದೆ. ಅದೇ ದಿನಗಳಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕಾರ್ಯಕ್ರಮ ಮುಗಿದ ಮೇಲೆ ಹಿಂದೆ ನಿಂತು, ಭೂತಗನ್ನಡಿಯನ್ನು ಒಂದು ವಾರ ಮನೆಗೆ ಒಯ್ಯಬಹುದೇ ಎಂದು ಕೇಳಿದಳು. ಗೋಡೆಯ ಬಿರುಕಿನಲ್ಲಿ ಇರುವೆಗಳು ಏನೋ ಬಿಳಿಯದನ್ನು ಹೊತ್ತು ತಿರುಗುತ್ತವೆ, ಅದು ಮೊಟ್ಟೆಯೋ ಮರಿಯೋ ನೋಡಬೇಕು ಎಂದಳು. ಉಪಕರಣಗಳು ಹೊರಗೆ ಹೋಗಬಾರದೆಂಬ ನಿಯಮವಿತ್ತು, ಇಲ್ಲವೆಂದೆ. ಅವಳು ಇನ್ನೆರಡು ಸಲ ಬಂದಳು, ಆಮೇಲೆ ಬರಲಿಲ್ಲ. ಅವಳು ತುಂಬಿದ ಚೀಟಿಯಲ್ಲಿಯೂ ನಗುವ ಮುಖವೇ ಇದ್ದಿರಬೇಕು. ಆ ವರ್ಷ ನಮ್ಮ ಇಡೀ ಕೇಂದ್ರದಲ್ಲಿ ಹುಟ್ಟಿದ ಅತ್ಯುತ್ತಮ ಸಂಶೋಧನಾ ಪ್ರಶ್ನೆ ಅವಳದು ಎಂದು ಈಗ ಗೊತ್ತಾಗುತ್ತದೆ. ಅದು ಯಾವ ವರದಿಗೂ ಸೇರಲಿಲ್ಲ.

ಹಾಗಾಗಿ ಚೀಟಿ ತುಂಬಿಸುವುದಕ್ಕಿಂತ ಕುರುಹುಗಳನ್ನು ಹುಡುಕಿ. ಹೇಳದೆಯೇ ಮಗು ಮಾಡಿದ ಕೆಲಸ ಯಾವುದು? ಮನೆಯಿಂದ ಏನನ್ನಾದರೂ ತಂದು ತೋರಿಸಿತೇ? ಪ್ರಯೋಗವನ್ನು ನೀವು ಹೇಳಿದ್ದಕ್ಕಿಂತ ಬೇರೆ ರೀತಿಯಲ್ಲಿ ಮಾಡಿ ಕೆಡಿಸಿತೇ? ತಮ್ಮನನ್ನೋ ಗೆಳತಿಯನ್ನೋ ಕರೆತಂದಿತೇ? ಎಲ್ಲಕ್ಕಿಂತ ಹೆಚ್ಚಾಗಿ, ಅದರ ಪ್ರಶ್ನೆಗಳು ಬದಲಾದವೇ? ವರ್ಷದ ಮೊದಲಲ್ಲಿ 'ಇದು ಯಾಕೆ ಹೀಗೆ?' ಎಂದು ನಿಮ್ಮನ್ನು ಕೇಳುತ್ತಿದ್ದ ಮಗು ಈಗ 'ಉಪ್ಪಿನ ಬದಲು ಸಕ್ಕರೆ ಹಾಕಿದರೂ ಹೀಗೇ ಆಗುತ್ತದೆಯೇ, ನೋಡಲೇ?' ಎಂದು ಕೇಳುತ್ತಿದ್ದರೆ ಬಹಳ ದೊಡ್ಡ ಹೆಜ್ಜೆ ಇಟ್ಟಿದೆ. ಮೊದಲನೆಯದಕ್ಕೆ ಉತ್ತರ ನಿಮ್ಮಲ್ಲಿದೆ, ಎರಡನೆಯದಕ್ಕೆ ಉತ್ತರ ಮೇಜಿನ ಮೇಲಿದೆ. ಐವರೂ ನೆನಪಿನಿಂದ ಇಂಥ ಪ್ರಶ್ನೆಗಳನ್ನು, ಕೇಳಿದ ಮಗುವಿನ ಹೆಸರಿನೊಂದಿಗೆ, ಬರೆದಿಡಿ. ಮುಂದಿನ ವರ್ಷ ನೆನಪನ್ನು ನಂಬದೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಪ್ರತಿ ವಾರದ ಪ್ರಶ್ನೆಗಳನ್ನು ಅಲ್ಲಿಯೇ ಬರೆಯಿರಿ. ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕವಾದ ಮೌಲ್ಯಮಾಪನ ಇನ್ನೊಂದು ನನಗೆ ಗೊತ್ತಿಲ್ಲ.

ಮಕ್ಕಳನ್ನು ನೋಡಿದಂತೆ ನಿಮ್ಮನ್ನೂ ನೋಡಿಕೊಳ್ಳಬೇಕಾಗುತ್ತದೆ. ಇದು ಸ್ವಲ್ಪ ಕಷ್ಟದ ಭಾಗ. 2011ರಲ್ಲಿ ಎಲಿಜಬೆತ್ ಬೊನವಿಟ್ಸ್ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗೆ ಒಂದು ಹೊಸ ಆಟಿಕೆ ಕೊಟ್ಟು ನೋಡಿದರು. ಅದರಲ್ಲಿ ಕೀರಲು ಶಬ್ದ, ದೀಪ, ಸಂಗೀತ, ಕನ್ನಡಿ ಎಂದು ನಾಲ್ಕು ಗುಟ್ಟುಗಳಿದ್ದವು. ದೊಡ್ಡವರು 'ನೋಡು, ಇದು ಹೀಗೆ ಕೆಲಸ ಮಾಡುತ್ತದೆ' ಎಂದು ಒಂದು ಗುಟ್ಟನ್ನು ಕಲಿಸಿಕೊಟ್ಟಾಗ ಮಕ್ಕಳು ಅದನ್ನೇ ಮಾಡುತ್ತ ಕುಳಿತರು, ಉಳಿದವುಗಳನ್ನು ಹುಡುಕಿದ್ದು ಕಡಿಮೆ. ಅದೇ ಗುಟ್ಟು ಆಕಸ್ಮಿಕವಾಗಿ ಹೊರಬಿದ್ದಂತೆ ಕಂಡಾಗ, ಅಥವಾ ಏನನ್ನೂ ತೋರಿಸದೆ ಕೈಗೆ ಕೊಟ್ಟಾಗ, ಹೆಚ್ಚು ಹೊತ್ತು ಆಡಿ ಹೆಚ್ಚು ಕಂಡುಕೊಂಡರು. ವಿವರಿಸಬಾರದು ಎಂದು ಇದರ ಅರ್ಥವಲ್ಲ. ವಿವರಣೆ ಯಾವಾಗ ಬರಬೇಕು ಎಂಬುದು ಪ್ರಶ್ನೆ. ನಿಮ್ಮ 41 ಕಾರ್ಯಕ್ರಮಗಳನ್ನು ನೆನಪಿಸಿಕೊಳ್ಳಿ. ಎಷ್ಟರಲ್ಲಿ ಮಕ್ಕಳ ಕೈಗೆ ವಸ್ತು ಸಿಗುವ ಮುಂಚೆಯೇ ನೀವು ಫಲಿತಾಂಶ ಹೇಳಿಬಿಟ್ಟಿರಿ? ಒಳ್ಳೆಯ ಮನಸ್ಸಿನ, ಚೆನ್ನಾಗಿ ಓದಿಕೊಂಡ ಸ್ವಯಂಸೇವಕರೇ ಈ ತಪ್ಪು ಮಾಡುವುದು ಹೆಚ್ಚು. ತಿಳಿದದ್ದನ್ನು ಹಂಚಿಕೊಳ್ಳುವ ಖುಷಿ ತಡೆಯುವುದು ಸುಲಭವಲ್ಲ.

ಇನ್ನೂ ಸೂಕ್ಷ್ಮವಾದದ್ದು, ಯಾರಿಗೆ ವಿವರಿಸುತ್ತೇವೆ ಎಂಬುದು. ಮಕ್ಕಳ ವಸ್ತುಸಂಗ್ರಹಾಲಯವೊಂದರಲ್ಲಿ ಪ್ರದರ್ಶಿಕೆಗಳ ಮುಂದೆ ನಿಂತ ಕುಟುಂಬಗಳ ಮಾತುಕತೆಯನ್ನು ಕೆವಿನ್ ಕ್ರೌಲಿ ಮತ್ತು ಸಂಗಡಿಗರು ದಾಖಲಿಸಿ 2001ರಲ್ಲಿ ಪ್ರಕಟಿಸಿದರು. ಉಪಕರಣವನ್ನು ಹೇಗೆ ಬಳಸಬೇಕೆಂಬುದನ್ನು ತಂದೆತಾಯಂದಿರು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸರಿಸುಮಾರು ಸಮನಾಗಿ ಹೇಳುತ್ತಿದ್ದರು. ಅದು ಹಾಗೇಕೆ ಆಗುತ್ತದೆ ಎಂಬ ವಿವರಣೆ ಮಾತ್ರ ಗಂಡುಮಕ್ಕಳಿಗೆ ಸಿಗುವ ಸಂಭವ ಮೂರು ಪಟ್ಟು ಹೆಚ್ಚಾಗಿತ್ತು. ಬೇಕೆಂದು ಭೇದ ಮಾಡಿದವರು ಅಲ್ಲಿ ಯಾರೂ ಇದ್ದಿರಲಾರರು. ಆದರೆ 'ಏಕೆ' ಎಂಬ ಮಾತನ್ನು ಕೇಳುತ್ತ ಬೆಳೆದ ಮಗುವಿಗೂ 'ಇಲ್ಲಿ ಒತ್ತು' ಎಂಬುದನ್ನಷ್ಟೇ ಕೇಳುತ್ತ ಬೆಳೆದ ಮಗುವಿಗೂ ಹನ್ನೆರಡನೆಯ ವಯಸ್ಸಿಗೆ ಬರುವಷ್ಟರಲ್ಲಿ ಎಷ್ಟು ಅಂತರ ಬಿದ್ದಿರುತ್ತದೆ ಎಂದು ಯೋಚಿಸಿ. ಮಕ್ಕಳ ಹೆಸರಿನ ಪ್ರಕಾರ ಬರೆದ ನಿಮ್ಮ ಹಾಳೆಯಲ್ಲಿ ಯಾವ ವಯಸ್ಸಿನ ಹುಡುಗಿಯರು ಕಡಿಮೆಯಾಗುತ್ತಾರೆ ಎಂದು ನೋಡಿ. ಆಮೇಲೆ ಒಂದು ವಾರ ಐವರಲ್ಲಿ ಒಬ್ಬರು ಕಲಿಸದೆ ಮೂಲೆಯಲ್ಲಿ ಕುಳಿತು, ಉಳಿದ ನಾಲ್ವರು ಯಾರ ಹತ್ತಿರ 'ಏಕೆ' ಎಂದು ಮಾತಾಡಿದರು ಎಂದು ಗೀಟು ಹಾಕಿಕೊಳ್ಳಲಿ. ಫಲಿತಾಂಶ ಮುಜುಗರ ತರಬಹುದು. ಆದರೂ ಮಾಡಿ, ದಯವಿಟ್ಟು.

ಇಂಥವು ಬದಲಾಗುವುದೇ ಇಲ್ಲ ಎಂದುಕೊಳ್ಳಬೇಕಾಗಿಲ್ಲ. ವಿಜ್ಞಾನಿಯ ಚಿತ್ರ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಡೇವಿಡ್ ಚೇಂಬರ್ಸ್ ಸಂಗ್ರಹಿಸಿದ, 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4,807 ಮಕ್ಕಳ ಪೈಕಿ ಮಹಿಳಾ ವಿಜ್ಞಾನಿಯನ್ನು ಬರೆದವರು 28 ಮಂದಿ. ಆ 28 ಮಂದಿಯೂ ಹುಡುಗಿಯರೇ. ಅಮೆರಿಕದಲ್ಲಿ ಐದು ದಶಕಗಳಲ್ಲಿ ನಡೆದ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ, 1985ರ ನಂತರದ ಅಧ್ಯಯನಗಳಲ್ಲಿ ಆ ಪಾಲು ಸರಾಸರಿ ಶೇ 28ಕ್ಕೆ ಏರಿದ್ದನ್ನು ತೋರಿಸಿತು. ಮಕ್ಕಳು ಕಂಡದ್ದನ್ನು ಬರೆಯುತ್ತಾರೆ. ಕಾಣಿಸುವ ಲೋಕ ಬದಲಾದರೆ ಚಿತ್ರವೂ ಬದಲಾಗುತ್ತದೆ. ನಿಮ್ಮ ಕೋಣೆಗೆ ಬರುವ ಅತಿಥಿಗಳು ಯಾರು ಎಂಬುದೂ ಆ ಲೋಕದ ಒಂದು ಭಾಗ.

ಈಗ ಅವಕಾಶಗಳ ಮಾತು. ಯಾವ ಅವಕಾಶ ಎದುರಾದರೂ ಅದನ್ನು ಒಂದೇ ಪ್ರಶ್ನೆಯಿಂದ ತೂಗಿ: ಇದು ನಮ್ಮ ಮಗುವಿಗೆ ಮುಂದಿನ ಬಾಗಿಲಾಗುತ್ತದೆಯೇ, ಇಲ್ಲವೇ ನಮಗೆ ಇನ್ನೊಂದು ಕಾರ್ಯಕ್ರಮವಾಗುತ್ತದೆಯೇ? ಕಾರ್ಯಕ್ರಮಗಳು ನಿಮ್ಮಲ್ಲಿ ಈಗಾಗಲೇ 41 ಇವೆ. 42 ಆಗುವುದರಿಂದ ಹೆಚ್ಚೇನೂ ಆಗದು.

ನನ್ನ ಭೂತಗನ್ನಡಿಯ ಕಥೆಯಿಂದ ನೀವು ಊಹಿಸಿರಬಹುದು, ಮೊದಲ ಸಲಹೆ ಎರವಲಿನದು. ನೀವು ಇರುವುದೇ ಗ್ರಂಥಾಲಯದಲ್ಲಿ. ವಸ್ತುವನ್ನು ನಂಬಿ ಮನೆಗೆ ಕಳುಹಿಸಿ, ಮರಳಿ ಪಡೆಯುವ ವ್ಯವಸ್ಥೆ ಆ ಕಟ್ಟಡದ ನರನಾಡಿಯಲ್ಲಿದೆ. ಭೂತಗನ್ನಡಿ, ದುರ್ಬೀನು, ಮಲ್ಟಿಮೀಟರ್, ಅಳತೆಯ ಟೇಪು, ಉಷ್ಣಮಾಪಕ ಇವಿಷ್ಟನ್ನು ಚೀಲಗಳಲ್ಲಿ ಹಾಕಿ ಪುಸ್ತಕದಂತೆಯೇ ಎರವಲು ಕೊಡಲು ಗ್ರಂಥಪಾಲಕರೊಂದಿಗೆ ಮಾತಾಡಿ. ಚೀಲದೊಳಗೆ ಸೂಚನಾಪತ್ರ ಬೇಡ, ಒಂದು ಖಾಲಿ ಪುಸ್ತಕವಿಡಿ. ಹಿಂದೆ ಒಯ್ದ ಮಗು ಏನು ಕಂಡಿತೆಂದು ಬರೆದಿರುತ್ತದೆ, ಮುಂದಿನ ಮಗು ಅದನ್ನು ಓದಿ ತನ್ನದನ್ನು ಸೇರಿಸುತ್ತದೆ. ಒಂದೆರಡು ಉಪಕರಣ ಮುರಿಯುತ್ತದೆ, ಒಂದು ಕಳೆದೂ ಹೋಗಬಹುದು. ಅದನ್ನು ವರ್ಷದ ಖರ್ಚಿಗೆ ಮೊದಲೇ ಸೇರಿಸಿಬಿಡಿ.

ಎರಡನೆಯ ಅವಕಾಶ ನಿಮ್ಮ ಕಣ್ಣೆದುರೇ ಇದೆ. ಈ ವರ್ಷ ಹದಿನಾಲ್ಕು ತುಂಬಿ ಕೂಟದಿಂದ ಹೊರಬೀಳಲಿರುವ ಮಕ್ಕಳನ್ನು ಏನು ಮಾಡುತ್ತೀರಿ? 2006ರಲ್ಲಿ ರಾಬರ್ಟ್ ಟಾಯ್ ಮತ್ತು ಸಂಗಡಿಗರು ಅಮೆರಿಕದ ವಿದ್ಯಾರ್ಥಿಗಳ ಮೇಲಿನ ದೀರ್ಘಕಾಲದ ಮಾಹಿತಿಯನ್ನು ವಿಶ್ಲೇಷಿಸಿದರು. ಎಂಟನೆಯ ತರಗತಿಯಲ್ಲಿದ್ದಾಗ, ಮೂವತ್ತನೆಯ ವಯಸ್ಸಿಗೆ ತಾನು ವಿಜ್ಞಾನಕ್ಕೆ ಸಂಬಂಧಿಸಿದ ಕೆಲಸದಲ್ಲಿರುತ್ತೇನೆ ಎಂದಿದ್ದವರು, ಹಾಗೆ ಹೇಳದವರಿಗಿಂತ ಜೀವವಿಜ್ಞಾನದಲ್ಲಿ ಪದವಿ ಪಡೆಯುವ ಸಂಭವ 1.9 ಪಟ್ಟು, ಭೌತವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ 3.4 ಪಟ್ಟು ಹೆಚ್ಚಾಗಿತ್ತು. ಸುಮಾರು ಹದಿಮೂರನೆಯ ವಯಸ್ಸಿನ ಮಾತು ಇದು. 'ಇದು ನನ್ನ ಜಾಗ' ಎಂಬ ಭಾವನೆ ಮೂಡುವ ಅಥವಾ ಕೈಬಿಟ್ಟುಹೋಗುವ ಹೊತ್ತಿಗೆ ಸರಿಯಾಗಿ ನಾವು ಮಕ್ಕಳನ್ನು ಬೀಳ್ಕೊಡುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ 1969ರಲ್ಲಿ ಎಕ್ಸ್‌ಪ್ಲೊರಟೋರಿಯಂ ಎಂಬ ವಿಜ್ಞಾನ ವಸ್ತುಸಂಗ್ರಹಾಲಯ ತೆರೆದಾಗ, ಸಂದರ್ಶಕರೊಂದಿಗೆ ಮಾತಾಡುವ ವಿವರಣಕಾರರ ಕೆಲಸಕ್ಕೆ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನೇ ತೆಗೆದುಕೊಂಡರು. ಆ ಪದ್ಧತಿ ಅಲ್ಲಿ ಉಳಿದುಕೊಂಡಿತು, ಬೇರೆಡೆಗೂ ಹಬ್ಬಿತು. ಹದಿನೈದರ ಹುಡುಗಿ ಹತ್ತರ ಹುಡುಗನಿಗೆ 'ನನಗೂ ಗೊತ್ತಿಲ್ಲ, ಮಾಡಿ ನೋಡೋಣ' ಎಂದು ಹೇಳುವಾಗ ಇಬ್ಬರಿಗೂ ಆಗುವ ಲಾಭವನ್ನು ನಿಮ್ಮಂಥ ಹಿರಿಯರು ಎಷ್ಟೇ ಚೆನ್ನಾಗಿ ಕಲಿಸಿದರೂ ಕೊಡಲಾರಿರಿ. ಹೊರಹೋಗುವ ಮಕ್ಕಳಿಗೆ ಬೀಳ್ಕೊಡುಗೆಯ ಪ್ರಮಾಣಪತ್ರ ಕೊಡಬೇಡಿ. ಕೋಣೆಯ ಬೀಗದ ಕೈ ಕೊಡಿ.

ನಾಗರಿಕ ವಿಜ್ಞಾನದ, ಅಂದರೆ ಜನಸಾಮಾನ್ಯರೂ ಮಾಹಿತಿ ಸಂಗ್ರಹಿಸಿ ವಿಜ್ಞಾನಿಗಳಿಗೆ ನೆರವಾಗುವ, ಯೋಜನೆಗಳ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ವರ್ಷಾಂತ್ಯಕ್ಕೂ ಅದಕ್ಕೂ ಹಳೆಯ ನಂಟಿದೆ. 1900ರ ಡಿಸೆಂಬರ್ 25ರಂದು ಪಕ್ಷಿವಿಜ್ಞಾನಿ ಫ್ರಾಂಕ್ ಚಾಪ್‌ಮನ್ ಕರೆಕೊಟ್ಟಂತೆ ಉತ್ತರ ಅಮೆರಿಕದ 25 ಕಡೆ 27 ಮಂದಿ ಹಕ್ಕಿಗಳನ್ನು ಎಣಿಸಿದರು. ರಜೆಯ ದಿನ ಹಕ್ಕಿಗಳನ್ನು ಹೊಡೆದು ರಾಶಿ ಹಾಕುವ ಪಂದ್ಯದ ಬದಲು ಎಣಿಸೋಣ ಎಂಬುದು ಅವರ ಕರೆ. ಆ ಎಣಿಕೆ ಇಂದಿಗೂ ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರ ತನಕ ನಡೆಯುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದವರು 2002ರಲ್ಲಿ ಆರಂಭಿಸಿದ ಇ-ಬರ್ಡ್ ಎಂಬ ಜಾಲತಾಣದ ಮೂಲಕ ಜಗತ್ತಿನ ಯಾವ ಮೂಲೆಯಿಂದಲೂ, ಯಾವ ದಿನವೂ ಪಟ್ಟಿ ಸೇರಿಸಬಹುದು. ಗೆಲಾಕ್ಸಿ ಝೂ ಯೋಜನೆಯಲ್ಲಿ ಗೆಲಾಕ್ಸಿಗಳ, ಅಂದರೆ ಕೋಟ್ಯಂತರ ನಕ್ಷತ್ರಗಳ ಸಮೂಹಗಳ, ಚಿತ್ರಗಳನ್ನು ವಿಂಗಡಿಸುತ್ತಿದ್ದ ಡಚ್ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ 2007ರಲ್ಲಿ ಒಂದು ವಿಚಿತ್ರ ಮಸುಕಿನ ಬಗ್ಗೆ 'ಇದೇನು?' ಎಂದು ಕೇಳಿದ್ದರಿಂದಲೇ ಖಗೋಳವಿಜ್ಞಾನಿಗಳಿಗೆ ಹೊಸ ಬಗೆಯ ಕಾಯವೊಂದು ಸಿಕ್ಕಿತು.

ಇವುಗಳಿಗೆ ಸೇರಿ, ಖಂಡಿತ. ಒಂದು ಎಚ್ಚರ ಮಾತ್ರ ಇರಲಿ. ದೊಡ್ಡ ಯೋಜನೆಗೆ ಅಂಕಿ ಒದಗಿಸುವುದಷ್ಟೇ ಮಗುವಿನ ಕೆಲಸವಾದರೆ ಅದು ಗುಮಾಸ್ತಿಕೆ. ಹ್ಯಾನಿ ಚಿತ್ರಗಳನ್ನು ವಿಂಗಡಿಸಿದ್ದರಿಂದ ಅಷ್ಟೇ ಅದು ಸಿಕ್ಕಿದ್ದಲ್ಲ, ವಿಂಗಡಣೆಯನ್ನು ನಿಲ್ಲಿಸಿ ಕೇಳಿದ್ದರಿಂದ ಸಿಕ್ಕಿತು. ಹಕ್ಕಿಗಳ ಪಟ್ಟಿಯನ್ನು ಕಳುಹಿಸಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಈ ಪಟ್ಟಿಯಲ್ಲಿ ನಿಮಗೆ ಅಚ್ಚರಿ ತಂದದ್ದು ಯಾವುದು, ಇನ್ನೇನು ಎಣಿಸಿದರೆ ಅದಕ್ಕೆ ಕಾರಣ ಸಿಕ್ಕೀತು ಎಂದು ಅರ್ಧ ಗಂಟೆ ಮಾತಾಡದಿದ್ದರೆ ಬೆಳಗಿನ ಚಳಿಯಲ್ಲಿ ನಿಂತದ್ದು ಅರ್ಧ ವ್ಯರ್ಥ.

ಶಾಲೆಗಳೊಂದಿಗಿನ ಸಹಭಾಗಿತ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿಕ್ಷಕರನ್ನು ಕರೆಯಿರಿ, ಸ್ನೇಹ ಬೆಳೆಸಿ, ಆದರೆ ಪಠ್ಯಕ್ರಮವನ್ನು ಒಳಗೆ ಬಿಟ್ಟುಕೊಳ್ಳಬೇಡಿ. ವಸ್ತುಸಂಗ್ರಹಾಲಯದಲ್ಲಿ ಯಾರೂ ನಪಾಸಾಗುವುದಿಲ್ಲ ಎಂಬ ಅರ್ಥದ ಮಾತನ್ನು ಒಪೆನ್‌ಹೈಮರ್ ಹೇಳುತ್ತಿದ್ದರು. ನಿಮ್ಮ ಕೋಣೆಯಲ್ಲಿಯೂ ಯಾರೂ ನಪಾಸಾಗದಿರಲಿ.

ಧನಸಹಾಯ ಮಾಡುವವರಿಗೆ ವರದಿ ಬೇಕೇ ಬೇಕು. ಅದನ್ನು ಬರೆಯಲು ಒಂದು ಒಳ್ಳೆಯ ಚೌಕಟ್ಟು ಇದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2009ರಲ್ಲಿ ಪ್ರಕಟಿಸಿದ ವರದಿ, ಶಾಲೆಯ ಹೊರಗಿನ ವಿಜ್ಞಾನ ಕಲಿಕೆಯನ್ನು ಆರು ಎಳೆಗಳಾಗಿ ಬಿಡಿಸಿ ನೋಡುತ್ತದೆ. ಉತ್ಸಾಹ ಮತ್ತು ಆಸಕ್ತಿ, ಪರಿಕಲ್ಪನೆಗಳ ತಿಳಿವಳಿಕೆ, ಪರೀಕ್ಷಿಸಿ ತರ್ಕಿಸುವುದು, ವಿಜ್ಞಾನ ಹೇಗೆ ಕೆಲಸ ಮಾಡುತ್ತದೆಂದು ಚಿಂತಿಸುವುದು, ವಿಜ್ಞಾನದ ಭಾಷೆ ಮತ್ತು ಉಪಕರಣಗಳನ್ನು ಇತರರೊಡನೆ ಸೇರಿ ಬಳಸುವುದು, 'ನಾನೂ ವಿಜ್ಞಾನ ಮಾಡಬಲ್ಲೆ' ಎಂದು ತನ್ನನ್ನು ತಾನು ಗುರುತಿಸಿಕೊಳ್ಳುವುದು. ಶಾಲೆಯ ಪರೀಕ್ಷೆಗಳು ಎರಡನೆಯದನ್ನೇ ಹೆಚ್ಚಾಗಿ ಅಳೆಯುತ್ತವೆ. ನಿಮ್ಮ ಬಲವಿರುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ. ಆರೂ ಎಳೆಗಳಿಗೆ ಸಾಕ್ಷ್ಯ ಹುಡುಕಿ ಹೈರಾಣಾಗಬೇಡಿ. ಎರಡನ್ನು ಆರಿಸಿ, ಪ್ರತಿಯೊಂದಕ್ಕೂ ಇಬ್ಬರು ಮೂವರು ಮಕ್ಕಳ ವರ್ಷದ ಪಯಣವನ್ನು ಹೆತ್ತವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ, ಅವರ ಪ್ರಶ್ನೆಗಳ ಸಮೇತ ಬರೆಯಿರಿ. ನಡುವೆ ಬಿಟ್ಟುಹೋದ ಒಬ್ಬ ಮಗುವಿನ ಕಥೆಯನ್ನೂ ಸೇರಿಸಿ. ಬಿಟ್ಟುಹೋದವರ ಬಗ್ಗೆ ಪ್ರಾಮಾಣಿಕವಾಗಿ ಬರೆದ ವರದಿಯನ್ನು ಓದಿ ಹಣ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಹೆಚ್ಚು ಕೇಳಿ ತಿಳಿದುಕೊಂಡವರನ್ನು ಕಂಡಿದ್ದೇನೆ.

ಕೊನೆಯದಾಗಿ ಈ ವಾರವೇ ಆರಂಭಿಸಬಹುದಾದ, ಹೆಚ್ಚು ಕಡಿಮೆ ಖರ್ಚಿಲ್ಲದ ಒಂದು ಕೆಲಸ. ದಿನವಿಡೀ ನೆರಳು ಬೀಳದ ಸಮತಟ್ಟಾದ ಜಾಗವೊಂದನ್ನು ಗ್ರಂಥಾಲಯದ ತಾರಸಿಯಲ್ಲೋ ಅಂಗಳದಲ್ಲೋ ಹುಡುಕಿ. ಒಂದು ಗೇಣುದ್ದದ ಸರಳನ್ನು ಅಲುಗಾಡದಂತೆ ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನದ ಆಸುಪಾಸಿನ ಒಂದು ಗಳಿಗೆಯನ್ನು ನಿಗದಿಮಾಡಿ, ಪ್ರತಿ ವಾರ ಗಡಿಯಾರದಲ್ಲಿ ನಿಮಿಷವೂ ತಪ್ಪದಂತೆ ಅದೇ ಹೊತ್ತಿಗೆ ಸರಳಿನ ನೆರಳಿನ ತುದಿಗೆ ಬಣ್ಣದ ಚುಕ್ಕೆ ಇಡಿ. ಚುಕ್ಕೆಯ ಪಕ್ಕದಲ್ಲಿ ದಿನಾಂಕ ಮತ್ತು ಅಂದು ಚುಕ್ಕೆ ಇಟ್ಟ ಮಗುವಿನ ಹೆಸರು. ನಿಮ್ಮಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇದ್ದರೆ ಅಷ್ಟನ್ನು ಸರಿಪಡಿಸಿಕೊಳ್ಳಿ.

ಚುಕ್ಕೆಗಳು ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಸರಿಯುತ್ತವೆ ಎಂದು ಮಕ್ಕಳು ಊಹಿಸುತ್ತಾರೆ, ಹೆಚ್ಚಿನ ದೊಡ್ಡವರೂ ಹಾಗೆಯೇ ಊಹಿಸುತ್ತಾರೆ. ಕೆಲವು ವಾರಗಳಲ್ಲಿ ಚುಕ್ಕೆಗಳು ಪಕ್ಕಕ್ಕೂ ಸರಿಯತೊಡಗುತ್ತವೆ. ಯಾರೋ ಸರಳನ್ನು ಅಲುಗಾಡಿಸಿದ್ದಾರೆ ಎಂದು ಜಗಳವಾಗುತ್ತದೆ. ಆಗಲಿ, ಪರೀಕ್ಷಿಸಲಿ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದಲೂ, ಅದರ ಕಕ್ಷೆ ಪೂರ್ಣ ವೃತ್ತವಲ್ಲದಿರುವುದರಿಂದಲೂ ಸೂರ್ಯ ನಮ್ಮ ಗಡಿಯಾರದೊಂದಿಗೆ ಹೆಜ್ಜೆ ಹಾಕುವುದಿಲ್ಲ. ನವೆಂಬರ್ ಆರಂಭದಲ್ಲಿ ನೆರಳುಗಡಿಯಾರ 16 ನಿಮಿಷದಷ್ಟು ಮುಂದಿರುತ್ತದೆ, ಫೆಬ್ರವರಿ ಮಧ್ಯದಲ್ಲಿ 14 ನಿಮಿಷದಷ್ಟು ಹಿಂದೆ ಬೀಳುತ್ತದೆ. ಎರಡೂ ಒಂದಾಗುವ ನಾಲ್ಕು ದಿನಗಳಲ್ಲಿ ಒಂದು ಡಿಸೆಂಬರ್ 25ರ ಸುಮಾರಿಗೆ ಬರುತ್ತದೆ. ಜನವರಿಯ ಮೊದಲ ದಿನಗಳಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಜುಲೈ ಆರಂಭದಲ್ಲಿ ಸುಮಾರು 15.2 ಕೋಟಿ. ಹತ್ತಿರವಿದ್ದಾಗ ಉತ್ತರಾರ್ಧದಲ್ಲಿ ಚಳಿ ಏಕೆ ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಇವನ್ನೆಲ್ಲ ನಾನು ನಿಮಗೆ ಹೇಳಿದ್ದೇನೆ, ನೀವು ಮಕ್ಕಳಿಗೆ ಹೇಳಬೇಡಿ. ಪ್ರತಿ ವಾರ ಮುಂದಿನ ಚುಕ್ಕೆ ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಿಂದ ಊಹೆಯ ಗುರುತು ಹಾಕಿಸಿ, ಸಾಕು. ಗುರುತು ಹಾಕಿದ ಮಗು ಮುಂದಿನ ವಾರ ನೋಡಲು ಬರುತ್ತದೆ. ಒಂದೇ ಸಲ ಬಂದು ಹೋದ ಮಗುವಿಗೂ ನೆಲದ ಮೇಲೆ ತನ್ನ ಹೆಸರಿನ ಒಂದು ಚುಕ್ಕೆ ಉಳಿದಿರುತ್ತದೆ, ಅದರ ಆಚೀಚೆ ಏನಾಯಿತೆಂದು ತಿಳಿಯುವ ನೆಪವೂ ಇರುತ್ತದೆ.

ಮೋಡದ ವಾರಗಳಲ್ಲಿ ಚುಕ್ಕೆ ತಪ್ಪುತ್ತದೆ, ಖಾಲಿಯಿರುವ ಜಾಗವನ್ನು ಹಾಗೆಯೇ ಬಿಡಿ. ಮುಂದಿನ ಡಿಸೆಂಬರ್ ಹೊತ್ತಿಗೆ ನೆಲದ ಮೇಲೆ ಉದ್ದನೆಯ, ಒಂದು ಕಡೆ ದಪ್ಪಗಾದ 8ರ ಆಕಾರ ಮೂಡಿರುತ್ತದೆ. ಸರಳನ್ನು ಗಟ್ಟಿಯಾಗಿ ಕೂರಿಸುವ ಮುಂಚೆ ತೂಗುಬಟ್ಟು (ದಾರಕ್ಕೆ ಕಟ್ಟಿದ ಭಾರ) ಹಿಡಿದು ಅದು ನೆಟ್ಟಗಿದೆಯೇ ಎಂದು ಹಿರಿಯ ಮಕ್ಕಳ ಕೈಯಲ್ಲಿ ಎರಡೆರಡು ಬಾರಿ ನೋಡಿಸಿ. ಬಣ್ಣ ಮಳೆಗೆ ಅಳಿಸದಂಥದ್ದಾಗಿರಲಿ.